ಆ ಮೇಷ್ಟ್ರಿಗೆ ಎಂಟನೇ ತರಗತಿ ವಾಪಸ್ ಕೇಳಿ ಅಂದೆ

"ಪಾಠ ಮಾಡೋ ಮನಸ್ಸೇ ಬರ್ತಿಲ್ಲ." ನನ್ನ ಹತ್ತಿರ ಸಲಹೆಗೆ ಬರುವ ಹೈಸ್ಕೂಲ್ ಶಿಕ್ಷಕರಲ್ಲಿ ಹೆಚ್ಚಿನವರ ಮೊದಲ ಮಾತು ಇದು. ಅದಕ್ಕೇ ಅಂಥ ಒಬ್ಬ ಮೇಷ್ಟ್ರ ಪ್ರಕರಣ ಬರೆಯುತ್ತಿದ್ದೇನೆ. ಅವರ ಒಪ್ಪಿಗೆ ಇದೆ, ಗುರುತಿನ ವಿವರಗಳನ್ನು ಬದಲಿಸಿದ್ದೇನೆ.

ಅವರು ಸರ್ಕಾರಿ ಪ್ರೌಢಶಾಲೆಯ ಗಣಿತ ಮೇಷ್ಟ್ರು, ನಡುವಯಸ್ಸು. ನಿದ್ದೆ, ಊಟ, ಮನೆ ಎಲ್ಲ ಸರಿಯಾಗಿತ್ತು. ಡೆಪ್ಯುಟೇಶನ್ ಮೇಲೆ ಯಾವುದಾದರೂ ಕಚೇರಿಗೆ ಹೋಗಿಬಿಡುತ್ತೇನೆ ಎಂದು ತೀರ್ಮಾನಿಸಿಯೇ ಬಂದಿದ್ದರು.

2023ರಲ್ಲಿ ಶೇ. 83.89 ಇದ್ದ ರಾಜ್ಯದ ಎಸ್ಸೆಸ್ಸೆಲ್ಸಿ ಫಲಿತಾಂಶ, ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ (ನಕಲು ತಡೆಯಲು ಕ್ಯಾಮೆರಾದ ನೇರ ನಿಗಾ) ಬಂದ 2024ರಲ್ಲಿ ಶೇ. 73.40ಕ್ಕೆ ಇಳಿಯಿತು. ಅದೂ ಗ್ರೇಸ್ ಅಂಕ ಜಾಸ್ತಿ ಕೊಟ್ಟ ಮೇಲೆ. ಇವರ ಶಾಲೆಯದೂ ಇಳಿಯಿತು, ಕಾರಣ ಕೇಳಿ ನೋಟಿಸ್ ಬಂತು. ಅಲ್ಲಿಂದ ಅವರಿಗೆ ಬರೀ ಹತ್ತನೇ ತರಗತಿ. ಬೆಳಿಗ್ಗೆ, ಸಂಜೆ ಸ್ಪೆಷಲ್ ಕ್ಲಾಸ್, ಪಾಸಾಗಲು ಬೇಕಾದಷ್ಟನ್ನೇ ಕಲಿಸುವ ಪಾಸಿಂಗ್ ಪ್ಯಾಕೇಜ್.

"ಯಾವ ಪೀರಿಯಡ್‌ನಲ್ಲಿ ನೀವು ಗಡಿಯಾರ ನೋಡಲ್ಲ, ಸರ್?" ಎಂದು ಕೇಳಿದೆ.

"ಈಗ ಯಾವುದೂ ಇಲ್ಲ. ಮೊದಲು ಎಂಟನೇ ಕ್ಲಾಸಿತ್ತು. ಮೈನಸ್ಸಿಗೆ ಮೈನಸ್ ಗುಣಿಸಿದ್ರೆ ಪ್ಲಸ್ ಹೇಗಾಗುತ್ತೆ ಸರ್ ಅಂತ ಒಬ್ಬಳು ಕೇಳಿದ್ಲು. ಬೋರ್ಡ್ ಮೇಲೆ ಮೈನಸ್ ಎರಡನ್ನ ಮೂರರಿಂದ, ಎರಡರಿಂದ, ಒಂದರಿಂದ, ಸೊನ್ನೆಯಿಂದ ಗುಣಿಸ್ತಾ ಬಂದೆ. ಮೈನಸ್ ಆರು, ಮೈನಸ್ ನಾಲ್ಕು, ಮೈನಸ್ ಎರಡು, ಸೊನ್ನೆ. ಮೈನಸ್ ಒಂದರಿಂದ ಗುಣಿಸಿ ಉತ್ತರ ಬರೆಯೋ ಮೊದಲೇ ಹಿಂದಿನ ಬೆಂಚಿನವರು ಪ್ಲಸ್ ಎರಡು ಅಂತ ಕೂಗಿದ್ರು!"

ಹೇಳುವಾಗ ಅವರ ಬೆರಳು ಮೇಜಿನ ಮೇಲೆ ಆ ಲೆಕ್ಕ ಬರೆಯುತ್ತಿತ್ತು. ಆಮೇಲೆ ದನಿ ತಗ್ಗಿತು. "ಈಗ ಯಾರಾದ್ರೂ ಹಾಗೆ ಕೇಳಿದ್ರೆ ಸಿಟ್ಟು ಬರುತ್ತೆ. ಪರೀಕ್ಷೆಗೆ ಬರಲ್ಲ, ಕೂತ್ಕೋ ಅಂತೀನಿ."

ಪಾಠದ ಮೇಲಿನ ಪ್ರೀತಿ ಹೋಗಿರಲಿಲ್ಲ. ಅದಕ್ಕೆ ಟೈಂಟೇಬಲ್‌ನಲ್ಲಿ ಜಾಗ ಇರಲಿಲ್ಲ. ಹಾಗಾಗಿ, ಈ ವರ್ಷ ಅರ್ಜಿ ಹಾಕಬೇಡಿ ಎಂದೆ. ಹೆಡ್‌ಮಾಸ್ಟರ್ ಹತ್ತಿರ ಎಂಟನೇ ತರಗತಿಯ ಗಣಿತ ವಾಪಸ್ ಕೇಳಿ, ಸಂಜೆಯ ಸ್ಪೆಷಲ್ ಕ್ಲಾಸನ್ನು ವಿಜ್ಞಾನದ ಟೀಚರ್ ಜತೆ ಹಂಚಿಕೊಳ್ಳಿ. ಎಂಟರಲ್ಲಿ ಬೀಜಗಣಿತ ಗಟ್ಟಿಯಾದರೆ ಹತ್ತರಲ್ಲಿ ಪ್ಯಾಕೇಜ್ ಅಷ್ಟು ಬೇಕಾಗಲ್ಲ ಎಂದೂ ಹೆಡ್‌ಮಾಸ್ಟರ್‌ಗೆ ಹೇಳಿ.

ವ್ಯವಸ್ಥೆಯ ತಪ್ಪಿಗೆ ಮೇಷ್ಟ್ರನ್ನು ಸರಿಮಾಡಲು ಹೋಗ್ತೀರಾ ಎಂದು ಇದನ್ನು ಕೇಳಿದ ಸ್ನೇಹಿತರೊಬ್ಬರು ಆಕ್ಷೇಪಿಸಿದರು. ನೋಟಿಸ್ ಕೊಟ್ಟು ಪಾಠ ಮಾಡಿಸುವುದು ತಪ್ಪೇ, ಅನುಮಾನವಿಲ್ಲ. ಆದರೆ ವ್ಯವಸ್ಥೆ ಬದಲಾಗುವ ತನಕ ಆ ಮನುಷ್ಯ ದಿನವೂ ತರಗತಿಯಲ್ಲಿ ನಿಲ್ಲಬೇಕು, ಅಲ್ವಾ? "ಕೈತುಂಬಾ ಸಂಬಳ ಇದೆ, ಇನ್ನೇನು ಕಷ್ಟ" ಎನ್ನುವವರೂ ಇದ್ದಾರೆ. ಸಂಬಳ ಕಡಿಮೆಯಾದರೆ ಬೇಸರ ಬರುತ್ತದೆ, ಆದರೆ ಕೆಲಸದ ಮೇಲಿನ ಆಸೆಯನ್ನು ಹುಟ್ಟಿಸುವುದು ಕೆಲಸವೇ ಎಂದು ಮನೋವಿಜ್ಞಾನಿ ಫ್ರೆಡರಿಕ್ ಹರ್ಜ್‌ಬರ್ಗ್ 1959ರಲ್ಲೇ ವಾದಿಸಿದ್ದರು. ಎಡ್ವರ್ಡ್ ಡೆಸಿ, ರಿಚರ್ಡ್ ರಯಾನ್ ಎಂಬ ಮನೋವಿಜ್ಞಾನಿಗಳು ಮನುಷ್ಯನಿಗೆ ಮೂರು ಬೇಕು ಎನ್ನುತ್ತಾರೆ: ತನ್ನ ಕೆಲಸದಲ್ಲಿ ತನ್ನ ಮಾತು ನಡೆಯಬೇಕು, ಇದು ನನಗೆ ಬರುತ್ತದೆ ಅನ್ನಿಸಬೇಕು, ಜೊತೆಯವರ ನಂಟು ಇರಬೇಕು. ನೋಟಿಸ್ ಮೊದಲಿನ ಎರಡನ್ನೂ ಒಟ್ಟಿಗೆ ಕಿತ್ತುಕೊಂಡಿತ್ತು. ಇಂಥವರಿಗೆ ಸ್ಫೂರ್ತಿ ಭಾಷಣ ನಾನು ಯಾವತ್ತೂ ಮಾಡಲ್ಲ.

ಅವರಿಗೆ ಎಂಟನೇ ತರಗತಿಯ ಒಂದು ಸೆಕ್ಷನ್ ಸಿಕ್ಕಿದೆ. ಹತ್ತನೆಯದು ತಪ್ಪಿಲ್ಲ, ಸುಸ್ತು ಈಗಲೂ ಇದೆ. ಇದನ್ನು ಓದುವ ಹೆಡ್‌ಮಾಸ್ಟರ್‌ಗಳಲ್ಲಿ ನನ್ನದೊಂದು ಕೋರಿಕೆ: ಜೂನ್‌ನಲ್ಲಿ ಟೈಂಟೇಬಲ್ ಹಾಕುವ ಮೊದಲು ಪ್ರತಿ ಶಿಕ್ಷಕರನ್ನೂ ಕರೆದು ಯಾವ ತರಗತಿ ಇಷ್ಟ ಎಂದು ಕೇಳಿ, ಅದರಲ್ಲಿ ಒಂದನ್ನಾದರೂ ಕೊಡಿ.