ಬಿಸಿನೀರಿನ ಟಬ್ ನಂಬಿ ಕಾಂಡೋಮ್ ಬಿಟ್ಟರು

ನನ್ನ ಹತ್ತಿರ ಸಲಹೆಗೆ ಬಂದ ಗಂಡ ಹೆಂಡತಿ ಮುಂಬೈ ಹತ್ತಿರದ ಡೊಂಬಿವಲಿಯವರು, ಊರು ಕುಂದಾಪುರದ ಕಡೆ. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ. ಆತ ಉಡುಪಿ ಹೋಟೆಲಿನಲ್ಲಿ ದೋಸೆ ಹೊಯ್ಯುವವರು. ಇಬ್ಬರು ಮಕ್ಕಳು, ಮೂರನೆಯದು ಬೇಡ. ಆಕೆಗೆ ಕಾಪರ್-ಟಿ ಹಾಕಿಸಿದ ಮೇಲೆ ಬ್ಲೀಡಿಂಗ್ ಜಾಸ್ತಿಯಾಗಿ ತೆಗೆಸಬೇಕಾಯಿತು. ಇನ್ನು ಜವಾಬ್ದಾರಿ ನನ್ನದು ಅಂತ ಈತ, ಬಿಸಿಗೆ ವೀರ್ಯಾಣು ಕಡಿಮೆಯಾಗುತ್ತದೆ ಎಂದು ಮೊಬೈಲಿನಲ್ಲಿ ನೋಡಿ ದಿನಾ ರಾತ್ರಿ ಬಿಸಿನೀರಿನ ಟಬ್ಬಿನಲ್ಲಿ ಕೂರಲು ಶುರುಮಾಡಿದ್ದಾರೆ, ಎರಡೇ ವಾರಕ್ಕೆ ಕಾಂಡೋಮೂ ಬಿಟ್ಟಿದ್ದಾರೆ.

"ಹೇಗೂ ದಿನವಿಡೀ ಕಾವಲಿ ಮುಂದೆ ನಿಲ್ತೇನಲ್ಲ ಮೇಡಂ, ಸಾಲದಾ?"

ಆಕೆ ಸಿಟ್ಟಿನಿಂದ, "ಮುಟ್ಟು ತಡ ಆದರೆ ನಿದ್ದೆ ಬಿಡೋದು ನಾನಲ್ವಾ?" ಅಂದರು.

ಸುಮ್ನೆ ನಗುವ ವಿಷಯ ಅಲ್ಲ ಇದು. ವೃಷಣ ದೇಹಕ್ಕಿಂತ 2ರಿಂದ 4 ಡಿಗ್ರಿ ತಣ್ಣಗಿದ್ದರೇ ವೀರ್ಯಾಣು ಸರಿಯಾಗಿ ತಯಾರಾಗುತ್ತದೆ, ಬಿಸಿಯಾದರೆ ಕಡಿಮೆಯಾಗುತ್ತದೆ. ಭಾರತದಲ್ಲಿ ಕೆಲಸ ಮಾಡಿದ ಸ್ವಿಸ್ ವೈದ್ಯೆ ಮಾರ್ಥೆ ವೋಗೆಲಿ ಸುಮಾರು 47 ಡಿಗ್ರಿ ನೀರು, ದಿನಕ್ಕೆ 45 ನಿಮಿಷ, ಮೂರು ವಾರ ಅಂತ ಪ್ರಯೋಗ ಮಾಡಿದ್ದರು, ಆದರೆ ಬೆರಳೆಣಿಕೆಯ ಗಂಡಸರ ಮೇಲೆ. ಫ್ರಾನ್ಸಿನ ಟುಲೂಸ್‌ನಲ್ಲಿ, ದೇಹದ ಬಿಸಿ ತಾಗುವ ಹಾಗೆ ವೃಷಣವನ್ನು ಮೇಲಕ್ಕೆ ಒತ್ತಿ ಹಿಡಿಯುವ ಒಳಚಡ್ಡಿ ಇದೆ. ದಿನಕ್ಕೆ 15 ಗಂಟೆ ಹಾಕಬೇಕು. ಅಲ್ಲೂ ಸುಮಾರು ಮೂರು ತಿಂಗಳಾಗಿ, ಮಿಲಿಲೀಟರಿಗೆ 10 ಲಕ್ಷಕ್ಕಿಂತ ಕಡಿಮೆ ವೀರ್ಯಾಣು ಅಂತ ಲ್ಯಾಬ್ ರಿಪೋರ್ಟ್ ಬಂದಮೇಲೇ ಬೇರೆ ರಕ್ಷಣೆ ಬಿಡಲು ಹೇಳುತ್ತಾರೆ. ಇದೇ ಕೆಲಸ ಮಾಡುವ ಸಿಲಿಕೋನ್ ಉಂಗುರದ ಮಾರಾಟವನ್ನು 2021ರ ಕೊನೆಯಲ್ಲಿ ಅಲ್ಲಿನ ಔಷಧ ನಿಯಂತ್ರಕರು ನಿಲ್ಲಿಸಿದರು.

ಒಂದು ವೀರ್ಯಾಣು ತಯಾರಾಗಲು ಸುಮಾರು 74 ದಿನ ಬೇಕು. ಎರಡು ವಾರದ ಟಬ್ಬಿಗೆ ಆಗಲೇ ತಯಾರಾಗಿ ಕೂತಿರುವುದು ಹೋಗುವುದಿಲ್ಲ. ಕಾವಲಿ ಮುಂದೆ ನಿಂತವರಿಗೆಲ್ಲ ಮಕ್ಕಳಾಗದಿದ್ದರೆ ಮುಂಬೈಯ ಅರ್ಧ ಹೋಟೆಲಿನವರ ಮನೆ ಖಾಲಿ ಇರಬೇಕಿತ್ತು!

ನಾನು ಹೇಳಿದ್ದು: ಟಬ್ ಬಿಡಿ, ಸುಟ್ಟುಕೊಳ್ಳಬೇಡಿ. ಇವತ್ತಿನಿಂದಲೇ ಕಾಂಡೋಮ್. ಮುಟ್ಟು ತಡವಾದರೆ ಮೊದಲು ಪ್ರೆಗ್ನೆನ್ಸಿ ಟೆಸ್ಟ್. ಇನ್ನು ಮಕ್ಕಳು ಬೇಡವೇ ಬೇಡ ಅಂತ ಇಬ್ಬರಿಗೂ ಖಚಿತವಿದ್ದರೆ ಗಂಡಸರ ಆಪರೇಷನ್ ಇದೆ.

ಆಪರೇಷನ್ ಅಂದದ್ದೇ ಆತ ಕುರ್ಚಿ ಹಿಂದಕ್ಕೆ ಎಳೆದುಕೊಂಡರು. ಅಸಲಿ ವಿಷಯ ಅಲ್ಲಿತ್ತು. ಶಕ್ತಿ ಹೋಗುತ್ತೆ, ಹಿಟ್ಟಿನ ಪಾತ್ರೆ ಎತ್ತೋಕಾಗಲ್ಲ ಅನ್ನುವ ಭಯ. ಕತ್ತರಿಸುವುದು ವೀರ್ಯಾಣು ಸಾಗುವ ನಾಳ ಮಾತ್ರ. ಹಾರ್ಮೋನು ರಕ್ತಕ್ಕೆ ಸೇರುತ್ತಲೇ ಇರುತ್ತದೆ, ಹಾಗಾಗಿ ಗಂಡಸ್ತನಕ್ಕೇನೂ ಆಗುವುದಿಲ್ಲ. ಸಣ್ಣ ತೂತು, ಹೊಲಿಗೆ ಇಲ್ಲ, ಅವತ್ತೇ ಮನೆಗೆ. ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ಕೆಲವು ದಿನ ಭಾರ ಎತ್ತಬಾರದು ಅಷ್ಟೇ. ಆಮೇಲೂ ಮೂರು ತಿಂಗಳು ಕಾಂಡೋಮ್ ಬೇಕು, ವೀರ್ಯ ಪರೀಕ್ಷೆ ಆಗಲೇಬೇಕು.

ಆಪರೇಷನ್‌ಗೆ ಆತ ಇನ್ನೂ ಒಪ್ಪಿಲ್ಲ. ನಾನೂ ಒತ್ತಾಯ ಮಾಡಲಿಲ್ಲ. ಕಾಂಡೋಮಿನ ಪ್ಯಾಕೆಟ್ ಮಾತ್ರ ಆಕೆಯೇ ತಗೊಂಡು ಬ್ಯಾಗಿಗೆ ಹಾಕಿಕೊಂಡರು.