ಶಾಂತಿ ಸಿಕ್ಕರೂ ಸಾಕ್ಷಿ, ಭಯವಾದರೂ ಸಾಕ್ಷಿ

ಆಪ್ತಸಮಾಲೋಚನೆಗೆ ಇಂಥ ಪ್ರಕರಣ ಮತ್ತೆ ಮತ್ತೆ ಬರುತ್ತಿದೆ, ಅದಕ್ಕೇ ಬರೆಯುತ್ತಿದ್ದೇನೆ. ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ.

ಮೂವತ್ತರ ಆಸುಪಾಸಿನ ಹೆಣ್ಣುಮಗಳು. ರಾತ್ರಿ ನಿದ್ದೆ ಇಲ್ಲ. ಕೂಸಾಗಿದ್ದಾಗಲೇ ದೀಕ್ಷಾಸ್ನಾನ, ಅಂದರೆ ಕ್ರೈಸ್ತರಾಗಿ ಸೇರುವ ನೀರಿನ ಸಂಸ್ಕಾರ, ಆಗಿತ್ತು. ಈಗ ಸೇರಿದ ಹೊಸ ಸಭೆಯವರು (ಚರ್ಚಿನವರು) "ಅದು ಲೆಕ್ಕಕ್ಕಿಲ್ಲ, ನಂಬಿದ ಮೇಲೆ ಮುಳುಗಿ ಏಳಬೇಕು" ಎನ್ನುತ್ತಾರೆ. ಮನೆಯಲ್ಲಿ ಅಪ್ಪ, "ಹಾಗಾದರೆ ನಿನ್ನ ಅಜ್ಜ ಅಜ್ಜಿ ನರಕಕ್ಕೆ ಹೋದರಾ?" ಎಂದು ಕೇಳುತ್ತಾರೆ.

"ಯಾರು ಸರಿ, ನೀವೇ ಹೇಳಿಬಿಡಿ ಮೇಡಂ."

ಹೇಳಲಿಲ್ಲ. ಜಾರಿಕೊಂಡಿರಿ ಎಂದು ಸಹೋದ್ಯೋಗಿಯೊಬ್ಬರು ಆಮೇಲೆ ಅಂದರು. ಅನ್ನಲಿ. 1525ರಲ್ಲಿ ಜ್ಯೂರಿಕ್‌ನಲ್ಲಿ ಕೆಲವರು ಕೂಸಾಗಿದ್ದಾಗ ಆದದ್ದು ಲೆಕ್ಕಕ್ಕಿಲ್ಲವೆಂದು ಮತ್ತೆ ದೀಕ್ಷಾಸ್ನಾನ ಪಡೆದಾಗಿನಿಂದ ನಡೆದು ಬಂದ ಜಗಳವನ್ನು ನಾನು ಒಂದು ಗಂಟೆಯಲ್ಲಿ ಮುಗಿಸುವುದುಂಟಾ? ಬೈಬಲಿನ ಅಪೊಸ್ತಲರ ಕೃತ್ಯಗಳ 16ನೇ ಅಧ್ಯಾಯದಲ್ಲಿ ಸೆರೆಮನೆಯ ಅಧಿಕಾರಿ ಮನೆಯವರೊಂದಿಗೆ ದೀಕ್ಷಾಸ್ನಾನ ಪಡೆಯುತ್ತಾನೆ. ಮನೆ ಅಂದ ಮೇಲೆ ಕೂಸು ಇದ್ದೇ ಇರುತ್ತದೆ ಎಂದು ಒಬ್ಬರು, ಇರಲೇ ಇಲ್ಲ ಎಂದು ಇನ್ನೊಬ್ಬರು. ಕೂಸಿನ ಮಾತೇ ಅಲ್ಲಿ ಇಲ್ಲ.

ಮೂರನೇ ಭೇಟಿಯಲ್ಲಿ ಕೇಳಿದೆ: "ಮುಳುಗುವುದೇ ದೇವರ ಚಿತ್ತ ಅಂತ ಹೇಗೆ ತಿಳಿಯುತ್ತದೆ ಅಂದರು ಸಭೆಯವರು?"

"ಮನಸ್ಸಿಗೆ ಶಾಂತಿ ಸಿಕ್ಕರೆ ದೇವರು ಒಪ್ಪಿದ್ದಾನೆ ಅಂತ."

"ಭಯವಾದರೆ?"

"ದೇವರು ಎಚ್ಚರಿಸುತ್ತಿದ್ದಾನೆ ಅಂತ."

"ಏನೂ ಅನಿಸದಿದ್ದರೆ?"

"ಹೃದಯ ಕಲ್ಲಾಗಿದೆ ಅಂತಾರೆ..." ಅಲ್ಲಿಗೆ ನಿಲ್ಲಿಸಿ, ಸುಮ್ನೆ ನಕ್ಕುಬಿಟ್ಟರು. ಆಮೇಲೆ ಅತ್ತರು.

"ಹಾಗಾದರೆ ಅವರ ಮಾತು ತಪ್ಪಿದ್ದರೆ ನಿಮಗೆ ತಿಳಿಯುವುದಾದರೂ ಹೇಗೆ?" ಎಂದೆ. ಉತ್ತರ ಬರಲಿಲ್ಲ.

ಪ್ರಶ್ನೆ ಕೇಳಿದರೆ ಪಾಸ್ಟರ್ "ಅಭಿಷಿಕ್ತರನ್ನು (ದೇವರು ಆರಿಸಿಕೊಂಡವರನ್ನು) ಮುಟ್ಟಬೇಡಿ" ಎನ್ನುತ್ತಿದ್ದರಂತೆ. ಆ ಮಾತು ಬರುವ ಬೈಬಲಿನ 105ನೇ ಕೀರ್ತನೆಯನ್ನು ಇಬ್ಬರೂ ಕೂತು ಓದಿದೆವು. ಅಲೆದಾಡುತ್ತಿದ್ದ ಪೂರ್ವಜರಿಗೆ ಕೇಡು ಮಾಡಬೇಡಿ ಎಂದು ದೇವರು ರಾಜರಿಗೆ ಹೇಳಿದ ಮಾತು ಅದು. ಪ್ರಶ್ನೆ ಕೇಳಬೇಡಿ ಎಂದಲ್ಲ. ಗಲಾತ್ಯದವರಿಗೆ ಬರೆದ ಪತ್ರದಲ್ಲಿ ಪೌಲ, ಯೇಸುವಿನ ನೇರ ಶಿಷ್ಯನಾದ ಪೇತ್ರನನ್ನೇ ಮುಖಾಮುಖಿ ವಿರೋಧಿಸುತ್ತಾನೆ, ಅಲ್ವಾ?

ನಾನು ಕೊಟ್ಟ ಸಲಹೆ ಇಷ್ಟೇ. ಒಂದು ತಿಂಗಳು ಯಾರಿಗೂ ಹೂಂ ಅನ್ನಬೇಡಿ, ಊಹೂಂ ಅನ್ನಬೇಡಿ. ಬೈಬಲಿನ ವಚನ ತೋರಿಸಿದರೆ, ಅದರಲ್ಲಿ ಬರೆದಿರುವುದು ಎಷ್ಟು, ಅವರು ಸೇರಿಸಿದ್ದು ಎಷ್ಟು ಎಂದು ಬರೆದಿಡಿ. ಅಪ್ಪನ ಮಾತಿಗೂ ಇದೇ ಅಳತೆ. ಅಜ್ಜಿಯ ಮೇಲಿನ ಪ್ರೀತಿಯನ್ನು ವಾದಕ್ಕೆ ಬಳಸುವುದೂ ಬೆದರಿಕೆಯೇ. ಹೆದರಿಕೆ ಜಾಸ್ತಿ ಇರುವ ದಿನ ನೀರಿಗಿಳಿಯುವ ತೀರ್ಮಾನವೂ ಬೇಡ, ಇಳಿಯದಿರುವ ತೀರ್ಮಾನವೂ ಬೇಡ.

ಎರಡು ತಿಂಗಳಾದ ಮೇಲೆ ಫೋನ್ ಮಾಡಿದ್ದರು. ನಿದ್ದೆ ಬರುತ್ತಿದೆಯಂತೆ. ದೀಕ್ಷಾಸ್ನಾನದ ವಿಷಯ ಅವರು ಎತ್ತಲಿಲ್ಲ, ನಾನೂ ಕೇಳಲಿಲ್ಲ.