ಡಿಜಿಟಲ್ ಚಿತ್ರವನ್ನು ಚಲಿಸುವಂತೆ ಮಾಡುವ ತಂತ್ರಾಂಶ: ಪೇಟೆಂಟ್ ಪರೀಕ್ಷಕರು ನೋಡುವುದು ಏನನ್ನು?

ಕಲಾವಿದರು ಟ್ಯಾಬ್ಲೆಟ್ ಮೇಲೆ ಎಳೆದ ಕುಂಚದ ಗೆರೆಗಳ ದಿಕ್ಕನ್ನೂ ಒತ್ತಡವನ್ನೂ ಓದಿಕೊಂಡು, ಸ್ಥಿರಚಿತ್ರದಲ್ಲಿರುವ ಕೂದಲು, ಸೆರಗು, ನೀರಿನ ಅಲೆ ಮುಂತಾದವು ತಾವಾಗಿಯೇ ಚಲಿಸುವಂತೆ ಮಾಡುವ ತಂತ್ರಾಂಶವೊಂದನ್ನು ನೀವು ರಚಿಸಿದ್ದೀರಿ. ‘ಭಾರತದಲ್ಲಿ ಸಾಫ್ಟ್‌ವೇರ್‌ಗೆ ಪೇಟೆಂಟ್ ಇಲ್ಲ’ ಎಂದು ಗೆಳೆಯರು ಹೇಳಿರುವುದರಿಂದ ಅರ್ಜಿ ಸಲ್ಲಿಸಬೇಕೇ ಬೇಡವೇ ಎಂದು ಕೇಳಿದ್ದೀರಿ. ನಾನು ಬೆಂಗಳೂರಿನಲ್ಲಿ 11 ವರ್ಷಗಳಿಂದ ಪೇಟೆಂಟ್ ಏಜೆಂಟ್ ಆಗಿ ಕೆಲಸ ಮಾಡುತ್ತಿದ್ದೇನೆ. ಅದಕ್ಕೂ ಮೊದಲು 3 ವರ್ಷ ಅನಿಮೇಶನ್ ಸ್ಟುಡಿಯೊ ಒಂದರಲ್ಲಿ ಪಾತ್ರಗಳ ತುಟಿಚಲನೆಯನ್ನು ಸಂಭಾಷಣೆಗೆ ಹೊಂದಿಸುವ ಕೆಲಸದಲ್ಲಿದ್ದೆ. ನಿಮ್ಮ ಗೆಳೆಯರ ಮಾತು ಅರ್ಧ ಸರಿ. ಉಳಿದ ಅರ್ಧ, ನಿಮ್ಮ ವಿವರಣಾಪತ್ರದಲ್ಲಿ, ಅಂದರೆ ಆವಿಷ್ಕಾರವನ್ನು ವಿವರಿಸಿ ಅರ್ಜಿಯೊಂದಿಗೆ ಕೊಡುವ ದಾಖಲೆಯಲ್ಲಿ, ಏನನ್ನು ಬರೆಯುತ್ತೀರಿ ಎಂಬುದನ್ನೇ ಅವಲಂಬಿಸಿದೆ.

1970ರ ಪೇಟೆಂಟ್ ಕಾಯ್ದೆಯ ಸೆಕ್ಷನ್ 3(ಕೆ) ಪ್ರಕಾರ ಗಣಿತದ ವಿಧಾನ, ವ್ಯಾಪಾರದ ವಿಧಾನ, ‘ಪರ್ ಸೇ’ ಕಂಪ್ಯೂಟರ್ ಪ್ರೋಗ್ರಾಂ ಮತ್ತು ಅಲ್ಗಾರಿದಮ್ (ಲೆಕ್ಕವನ್ನು ಹಂತಹಂತವಾಗಿ ಮಾಡುವ ಕ್ರಮ) ಇವು ಆವಿಷ್ಕಾರಗಳಲ್ಲ. ‘ಪರ್ ಸೇ’ ಎಂದರೆ ‘ಕೇವಲ ತನ್ನಷ್ಟಕ್ಕೆ’ ಎಂದರ್ಥ. ಈ ಸೆಕ್ಷನ್ 2002ರ ತಿದ್ದುಪಡಿಯಿಂದ ಬಂದದ್ದು. ಪ್ರೋಗ್ರಾಂ ಜೊತೆಗೆ ಅದಕ್ಕೆ ಪೂರಕವಾದ ಅಥವಾ ಅದರ ಮೇಲೆ ಬೆಳೆಸಿದ ಬೇರೆ ಸಂಗತಿಗಳೂ ಇರಬಹುದು, ಅವನ್ನು ತಿರಸ್ಕರಿಸುವುದು ಉದ್ದೇಶವಲ್ಲ ಎಂದು ಸಂಸತ್ತಿನ ಜಂಟಿ ಸಮಿತಿ ಆಗಲೇ ವಿವರಿಸಿತ್ತು. 2016ರ ಫೆಬ್ರುವರಿಯಲ್ಲಿ ಪೇಟೆಂಟ್ ಕಚೇರಿ ಹೊರಡಿಸಿದ ಮಾರ್ಗಸೂಚಿಯು ಪ್ರೋಗ್ರಾಂ ಜೊತೆಗೆ ಹೊಸ ಹಾರ್ಡ್‌ವೇರ್ ಕೂಡ ಇರಬೇಕೆಂದು ಹೇಳಿದಾಗ ನಿಮ್ಮಂಥವರಿಗೆ ಬಾಗಿಲು ಬಹುತೇಕ ಮುಚ್ಚಿತ್ತು. 2017ರ ಜೂನ್‌ನಲ್ಲಿ ಆ ಷರತ್ತನ್ನು ಕೈಬಿಡಲಾಯಿತು. 2019ರ ಡಿಸೆಂಬರ್‌ನಲ್ಲಿ ಫರೀದ್ ಅಲ್ಲಾನಿ ಪ್ರಕರಣದಲ್ಲಿ ದೆಹಲಿ ಹೈಕೋರ್ಟ್, ಆವಿಷ್ಕಾರವು ತಾಂತ್ರಿಕ ಪರಿಣಾಮವನ್ನು ಅಥವಾ ತಾಂತ್ರಿಕ ಕೊಡುಗೆಯನ್ನು ತೋರಿಸಿದರೆ ಅದು ಕಂಪ್ಯೂಟರ್ ಪ್ರೋಗ್ರಾಂ ಆಧಾರಿತವೆಂಬ ಒಂದೇ ಕಾರಣಕ್ಕೆ ಪೇಟೆಂಟ್ ನಿರಾಕರಿಸುವಂತಿಲ್ಲ ಎಂದು ಸ್ಪಷ್ಟಪಡಿಸಿತು. ಇಂದು ನಮ್ಮ ಕೆಲಸವೆಲ್ಲ ನಡೆಯುವುದು ಈ ‘ತಾಂತ್ರಿಕ ಪರಿಣಾಮ’ ಎಂಬ ಮಾತಿನ ಸುತ್ತ.

ನಿಮ್ಮ ವಿಷಯಕ್ಕೆ ಅತ್ಯಂತ ಹತ್ತಿರವಾದ ಪ್ರಕರಣ ನಡೆದದ್ದು ಅಮೆರಿಕದಲ್ಲಿ. ಅದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಏಕೆಂದರೆ ಅಲ್ಲಿ ಚರ್ಚೆಗೆ ಬಂದ ಕೆಲಸವನ್ನು ನಾನು ಕೈಯಾರೆ ಮಾಡಿದ್ದೇನೆ. ಮೂರು ಆಯಾಮದ ಪಾತ್ರವೊಂದು ಮಾತನಾಡಬೇಕಾದರೆ, ಮೊದಲು ಭಾವರಹಿತವಾದ ಒಂದು ಮುಖದ ಮಾದರಿ ಇರುತ್ತದೆ. ಅದರ ಜೊತೆಗೆ ‘ಆ’, ‘ಊ’, ‘ಮ’ ಮುಂತಾದ ಒಂದೊಂದು ಧ್ವನಿಗೂ ಬಾಯಿಯ ಆಕಾರ ಬದಲಾದ ಒಂದೊಂದು ಮಾದರಿ ಇರುತ್ತದೆ. ಯಾವ ಕ್ಷಣದಲ್ಲಿ ಯಾವ ಮಾದರಿಯ ಪಾಲು ಎಷ್ಟು ಎಂಬುದನ್ನು 0ಯಿಂದ 1ರವರೆಗಿನ ತೂಕವಾಗಿ ಕೊಡುತ್ತಾರೆ, ಇದನ್ನು ಮಾರ್ಫ್ ವೇಟ್ ಎನ್ನುತ್ತಾರೆ. ಸಂಭಾಷಣೆಯ ಧ್ವನಿಗಳನ್ನು ಸಮಯದೊಂದಿಗೆ ಬರೆದ ಪಟ್ಟಿಯನ್ನು ಮುಂದಿಟ್ಟುಕೊಂಡು, ಮುಖ್ಯ ಚೌಕಟ್ಟುಗಳಲ್ಲಿ, ಅಂದರೆ ಕೀಫ್ರೇಮ್‌ಗಳಲ್ಲಿ, ಈ ತೂಕವನ್ನು ಕಣ್ಣಳತೆಯಿಂದ ನಾವೇ ಕೂರಿಸುತ್ತಿದ್ದೆವು. ಅವುಗಳ ನಡುವಿನ ಚೌಕಟ್ಟುಗಳನ್ನಷ್ಟೇ ಕಂಪ್ಯೂಟರ್ ತುಂಬುತ್ತಿತ್ತು. ಒಂದು ನಿಮಿಷದ ಮಾತಿಗೆ ದಿನಗಟ್ಟಲೆ ಹಿಡಿಯುತ್ತಿತ್ತು.

ಮೌರಿ ರೋಸೆನ್‌ಫೆಲ್ಡ್ ಎಂಬವರು 1997ರಲ್ಲಿ ಸಲ್ಲಿಸಿದ ಅರ್ಜಿ ಈ ಕಣ್ಣಳತೆಯ ಜಾಗದಲ್ಲಿ ನಿಯಮಗಳನ್ನು ತಂದಿತು. ಆ ನಿಯಮಗಳು ಧ್ವನಿಗಳನ್ನು ಬಿಡಿಬಿಡಿಯಾಗಿ ನೋಡದೆ, ಒಂದು ಧ್ವನಿಯ ಹಿಂದೆ ಮುಂದೆ ಏನಿದೆ, ಅದು ಎಷ್ಟು ಹೊತ್ತು ಇರುತ್ತದೆ ಎಂಬುದನ್ನು ನೋಡಿ ತೂಕವನ್ನು ನಿರ್ಧರಿಸುತ್ತವೆ. ದೀರ್ಘ ಮೌನದ ನಂತರ ಮಾತು ಆರಂಭವಾಗುವಾಗ, ಧ್ವನಿ ಹೊರಡುವುದಕ್ಕೂ ತುಸು ಮುಂಚೆಯೇ ಬಾಯಿ ತೆರೆಯತೊಡಗಬೇಕು ಎಂಬಂಥ ನಿಯಮಗಳು ಅವು. ಇದಕ್ಕೆ 2001ರಲ್ಲಿ ಒಂದು, 2003ರಲ್ಲಿ ಇನ್ನೊಂದು ಪೇಟೆಂಟ್ ದೊರೆತವು. ಮುಂದೆ ಈ ಪೇಟೆಂಟ್‌ಗಳನ್ನು ಹೊಂದಿದ್ದ ಮೆಕ್‌ರೋ ಎಂಬ ಸಂಸ್ಥೆ ಬಂದಾಯ್ ನಾಮ್ಕೊ ಸೇರಿದಂತೆ ಅನೇಕ ವಿಡಿಯೊ ಗೇಮ್ ಕಂಪನಿಗಳ ಮೇಲೆ ದಾವೆ ಹೂಡಿತು. 2014ರಲ್ಲಿ ಕ್ಯಾಲಿಫೋರ್ನಿಯಾದ ಜಿಲ್ಲಾ ನ್ಯಾಯಾಲಯವು ಇದು ಅಮೂರ್ತ ಕಲ್ಪನೆಯಷ್ಟೇ ಎಂದು ಪೇಟೆಂಟ್‌ಗಳನ್ನು ಅಸಿಂಧುಗೊಳಿಸಿತು. 2016ರ ಸೆಪ್ಟೆಂಬರ್ 13ರಂದು ಫೆಡರಲ್ ಸರ್ಕ್ಯೂಟ್ ಮೇಲ್ಮನವಿ ನ್ಯಾಯಾಲಯ ಆ ತೀರ್ಪನ್ನು ತಿರುಗಿಸಿತು. ಅನಿಮೇಟರ್‌ಗಳು ಮನಸ್ಸಿನಲ್ಲಿ ಮಾಡುತ್ತಿದ್ದುದನ್ನೇ ಕಂಪ್ಯೂಟರ್ ವೇಗವಾಗಿ ಮಾಡುತ್ತಿದೆ ಎಂಬ ವಾದವನ್ನು ಅದು ಒಪ್ಪಲಿಲ್ಲ. ಅನಿಮೇಟರ್‌ಗಳು ಬಳಸುತ್ತಿದ್ದುದು ತಮ್ಮ ತಮ್ಮ ವೈಯಕ್ತಿಕ ತೀರ್ಮಾನವನ್ನು, ಇಲ್ಲಿರುವುದು ನಿರ್ದಿಷ್ಟ ಸ್ವರೂಪದ ನಿಯಮಗಳು. ಎರಡೂ ಒಂದೇ ದಾರಿಯಲ್ಲ ಎಂದು ಅದು ಹೇಳಿತು. ನಿಯಮಗಳಿಗೆ ಸ್ಪಷ್ಟವಾದ ಮಿತಿ ಇರುವುದರಿಂದ, ನಿಯಮಾಧಾರಿತ ತುಟಿಚಲನೆಯನ್ನೆಲ್ಲ ಈ ಪೇಟೆಂಟ್ ಕಬಳಿಸುವುದಿಲ್ಲ ಎಂಬುದೂ ಅದರ ಪರವಾಗಿ ನಿಂತಿತು.

ಈ ತೀರ್ಪನ್ನು ಓದಿದ ಅನೇಕರು ‘ಹಾಗಾದರೆ ನಿಯಮಗಳನ್ನು ಕ್ಲೇಮ್‌ನಲ್ಲಿ (ಯಾವುದರ ಮೇಲೆ ಹಕ್ಕು ಕೇಳುತ್ತೇವೆ ಎಂದು ಹೇಳುವ ಭಾಗದಲ್ಲಿ) ಬರೆದರೆ ಸಾಕು’ ಎಂದುಕೊಂಡು ನಮ್ಮಲ್ಲಿ ಎಡವುತ್ತಾರೆ. ಭಾರತದ ಸೆಕ್ಷನ್ 3(ಕೆ)ಯಲ್ಲಿ ‘ಪರ್ ಸೇ’ ಎಂಬ ರಿಯಾಯಿತಿ ಇರುವುದು ಕಂಪ್ಯೂಟರ್ ಪ್ರೋಗ್ರಾಂಗೆ. ಅಲ್ಗಾರಿದಮ್ ಎಂಬ ಪದಕ್ಕೆ ಆ ರಿಯಾಯಿತಿ ಇಲ್ಲ. ಬರಿಯ ನಿಯಮಗಳ ಸಾಲನ್ನು ಕಂಡ ಪರೀಕ್ಷಕರು ಅದನ್ನು ಅಲ್ಗಾರಿದಮ್ ಎಂದು ಕರೆದು ಆಕ್ಷೇಪ ಬರೆಯುವುದು ಸಹಜ, ಮತ್ತು ಕಾಯ್ದೆಯ ಭಾಷೆ ಅವರ ಕಡೆಗೇ ಇದೆ. ಆದ್ದರಿಂದ ನಿಯಮಗಳನ್ನು ಬಿಡದೆ ಬರೆಯಬೇಕು, ಆದರೆ ಪ್ರತಿ ನಿಯಮವೂ ಯಂತ್ರದೊಳಗೆ ಏನನ್ನು ಬದಲಿಸುತ್ತದೆ ಎಂಬುದನ್ನು ಅದರ ಜೊತೆಗೇ ಕಟ್ಟಬೇಕು: ಎಷ್ಟು ಮೆಮೊರಿ ಉಳಿಯಿತು, ಗ್ರಾಫಿಕ್ಸ್ ಪ್ರೊಸೆಸರ್ ಮೇಲಿನ ಹೊರೆ ಹೇಗೆ ಇಳಿಯಿತು, ಸೆಕೆಂಡಿಗೆ ಎಷ್ಟು ಚೌಕಟ್ಟುಗಳು ಸಾಧ್ಯವಾದವು.

ಈ ದೃಷ್ಟಿಯಿಂದ ನಿಮ್ಮ ಪ್ರಶ್ನೆಯನ್ನು ಮತ್ತೊಮ್ಮೆ ಓದಿದೆ. ಚಲನೆ ‘ಜೀವಂತವಾಗಿ, ಮನಮೋಹಕವಾಗಿ’ ಕಾಣುತ್ತದೆ ಎಂದು ನಾಲ್ಕು ಕಡೆ ಹೇಳಿದ್ದೀರಿ. ನಡುವೆ ಒಂದೇ ಒಂದು ಕಡೆ, ‘ಗೆರೆಗಳು ಒತ್ತಾಗಿರುವಲ್ಲಿ ಮಾತ್ರ ಜಾಲದ ಬಿಂದುಗಳನ್ನು ಹೆಚ್ಚಿಸುತ್ತೇನೆ, ಹಾಗಾಗಿ ಹಳೆಯ ಫೋನಿನಲ್ಲೂ ಚಿತ್ರ ತಡವರಿಸುವುದಿಲ್ಲ’ ಎಂದಿದ್ದೀರಿ. ಜಾಲ ಎಂದರೆ ಚಿತ್ರವನ್ನು ಬಾಗಿಸಿ ಚಲಿಸಲು ಅದರ ಮೇಲೆ ಹರಡುವ ಬಿಂದುಗಳ ಬಲೆ. ನನ್ನ ಅಭಿಪ್ರಾಯದಲ್ಲಿ ನಿಮ್ಮ ಆವಿಷ್ಕಾರ ಇರುವುದು ಆ ಒಂದು ವಾಕ್ಯದಲ್ಲಿ. ಮನಮೋಹಕತೆಯನ್ನು ಪರೀಕ್ಷಕರು ಅಳೆಯುವುದಿಲ್ಲ, ಅಳೆಯಲೂ ಬಾರದು. ಕಲಾಕೃತಿಯನ್ನೂ ಸೌಂದರ್ಯದ ಸೃಷ್ಟಿಯನ್ನೂ ಸೆಕ್ಷನ್ 3(ಎಲ್) ನೇರವಾಗಿಯೇ ಹೊರಗಿಟ್ಟಿದೆ. ಅವಕ್ಕೆ ಕೃತಿಸ್ವಾಮ್ಯದ ರಕ್ಷಣೆ ಇದೆ, ನೀವು ಬರೆದ ಕೋಡ್‌ಗೂ ಅದು ಬರೆದ ಕ್ಷಣದಿಂದಲೇ ಇದೆ. ಪೇಟೆಂಟ್ ಕೇಳಬೇಕಾದದ್ದು ಗೆರೆಯ ಸಾಂದ್ರತೆಯನ್ನು ಜಾಲದ ಬಿಂದುಗಳ ಹಂಚಿಕೆಗೆ ಜೋಡಿಸಿದ ಆ ವಿಧಾನಕ್ಕೆ. ಒಂದೇ ಚಿತ್ರವನ್ನು ಬಿಂದುಗಳನ್ನು ಎಲ್ಲೆಡೆ ಸಮನಾಗಿ ಹಂಚಿದ ಜಾಲದಿಂದಲೂ ನಿಮ್ಮ ಜಾಲದಿಂದಲೂ ಒಂದೇ ಫೋನಿನಲ್ಲಿ ಓಡಿಸಿ, ಎರಡರ ಅಳತೆಗಳನ್ನೂ ಕೋಷ್ಟಕವಾಗಿ ಸೇರಿಸಿ. ವಿಚಾರಣೆಯ ದಿನ ಅಂಥ ಒಂದು ಕೋಷ್ಟಕ ಹತ್ತು ಪುಟಗಳ ವಾದಕ್ಕಿಂತ ಹೆಚ್ಚು ಕೆಲಸ ಮಾಡಿದ್ದನ್ನು ನಾನು ಕಂಡಿದ್ದೇನೆ.

ಹೊಸತನದ ಪ್ರಶ್ನೆಯಲ್ಲಿ ಹುಷಾರಾಗಿರಬೇಕು. ಪರೀಕ್ಷಕರು ಹಳೆಯ ಪೇಟೆಂಟ್‌ಗಳನ್ನು ಮಾತ್ರ ಹುಡುಕುವುದಿಲ್ಲ; ಈ ಕ್ಷೇತ್ರದಲ್ಲಿ ಸಿಗ್ರಾಫ್ ಎಂಬ ಕಂಪ್ಯೂಟರ್ ಗ್ರಾಫಿಕ್ಸ್ ಸಮ್ಮೇಳನದ ಪ್ರಬಂಧಗಳು ಅವರ ದೊಡ್ಡ ಆಕರ. ಒಂದೇ ಚಿತ್ರದೊಳಗೆ ಕ್ಯಾಮೆರಾ ಸಂಚರಿಸುವಂತೆ ಮಾಡುವ ವಿಧಾನ 1997ರಲ್ಲೇ ಅಲ್ಲಿ ಮಂಡನೆಯಾಗಿತ್ತು. ಸ್ಥಿರಚಿತ್ರದ ಗಿಡಮರ, ನೀರು, ದೋಣಿಗಳು ಗಾಳಿಗೆ ಅಲುಗುವಂತೆ ಮಾಡುವ ವಿಧಾನವೂ, ಎರಡು ಆಯಾಮದ ಚಿತ್ರದ ಆಕಾರ ಕೆಡದಂತೆ ಅದನ್ನು ತ್ರಿಕೋನಗಳ ಜಾಲವಾಗಿಸಿ ಬಾಗಿಸುವ ವಿಧಾನವೂ 2005ರಲ್ಲಿ ಅಲ್ಲಿಯೇ ಬಂದವು. ಆದ್ದರಿಂದ ‘ಸ್ಥಿರಚಿತ್ರವನ್ನು ಚಲಿಸುವಂತೆ ಮಾಡುವ ವಿಧಾನ’ ಎಂಬ ಅಗಲವಾದ ಕ್ಲೇಮ್ ಒಂದು ದಿನವೂ ನಿಲ್ಲುವುದಿಲ್ಲ. ಈ ಪ್ರಬಂಧಗಳನ್ನು ನೀವೇ ಮೊದಲು ಓದಿ, ಅವುಗಳಲ್ಲಿ ಜಾಲದ ಹಂಚಿಕೆ ಯಾವುದರಿಂದ ನಿರ್ಧಾರವಾಗುತ್ತದೆ, ನಿಮ್ಮಲ್ಲಿ ಯಾವುದರಿಂದ ಎಂಬ ವ್ಯತ್ಯಾಸವನ್ನು ಬರೆದಿಟ್ಟುಕೊಳ್ಳಿ. ಆ ವ್ಯತ್ಯಾಸ ಈ ಕೆಲಸ ಬಲ್ಲವರಿಗೆ ತಾನಾಗಿ ಹೊಳೆಯುವಂಥದ್ದಲ್ಲ ಎಂದು ತೋರಿಸುವುದು ಮುಂದಿನ ಹೆಜ್ಜೆ.

ವಿವರಣಾಪತ್ರದ ಬಗ್ಗೆ ನಾನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ. ವೃತ್ತಿಯ ಮೂರನೇ ವರ್ಷದಲ್ಲಿ ಚಿತ್ರಕಾರರೊಬ್ಬರ ತಂತ್ರಾಂಶಕ್ಕೆ ನಾನು ಅರ್ಜಿ ಬರೆದಿದ್ದೆ. ‘ಆಯ್ದ ಭಾಗವನ್ನು ವ್ಯವಸ್ಥೆಯು ಸಹಜವಾಗಿ ಚಲಿಸುವಂತೆ ಮಾಡುತ್ತದೆ’ ಎಂದು ಬರೆದು, ಹೇಗೆ ಎಂಬುದನ್ನು ಎರಡು ಸಾಲಿನಲ್ಲಿ ಮುಗಿಸಿದ್ದೆ. ಸೆಕ್ಷನ್ 3(ಕೆ) ಅಡಿಯಲ್ಲಿಯೂ, ಆವಿಷ್ಕಾರವನ್ನು ಪೂರ್ಣವಾಗಿ ವಿವರಿಸಬೇಕೆನ್ನುವ ಸೆಕ್ಷನ್ 10(4)ರ ಅಡಿಯಲ್ಲಿಯೂ ಆಕ್ಷೇಪ ಬಂತು. ಉತ್ತರಕ್ಕೆ ಬೇಕಾದ ಲೆಕ್ಕಗಳೆಲ್ಲ ಅವರ ನೋಟ್‌ಬುಕ್‌ನಲ್ಲಿದ್ದವು, ಅರ್ಜಿಯಲ್ಲಿ ಇರಲಿಲ್ಲ. ಸೆಕ್ಷನ್ 59ರ ಪ್ರಕಾರ ಮೂಲ ಅರ್ಜಿಯಲ್ಲಿ ಇಲ್ಲದ ಹೊಸ ಸಂಗತಿಯನ್ನು ತಿದ್ದುಪಡಿಯ ಮೂಲಕ ಸೇರಿಸುವಂತಿಲ್ಲ. ಅವರು ಅರ್ಜಿಯನ್ನು ಕೈಬಿಡಬೇಕಾಯಿತು. ಆ ನೋಟ್‌ಬುಕ್ ಅನ್ನು ಮೊದಲೇ ಕೇಳಿ ಓದದೇ ಹೋದದ್ದಕ್ಕೆ ನನಗೆ ಇಂದಿಗೂ ಬೇಸರವಿದೆ. ಅಂದಿನಿಂದ ಅರ್ಜಿ ಬರೆಯುವ ಮುನ್ನ ಪ್ರತಿಯೊಬ್ಬರ ಕಚ್ಚಾ ಟಿಪ್ಪಣಿಗಳನ್ನೂ ಪೂರ್ತಿ ಓದುತ್ತೇನೆ. ನಿಮ್ಮ ತಂತ್ರಾಂಶದಲ್ಲಿ ನ್ಯೂರಲ್ ನೆಟ್‌ವರ್ಕ್ (ಉದಾಹರಣೆಗಳನ್ನು ನೋಡಿ ಕಲಿಯುವ ಕಂಪ್ಯೂಟರ್ ಮಾದರಿ) ಏನಾದರೂ ಇದ್ದರೆ, ಅದಕ್ಕೆ ಯಾವ ಬಗೆಯ ಚಿತ್ರಗಳಿಂದ ತರಬೇತಿ ಕೊಟ್ಟಿರಿ, ಒಳಗೆ ಹೋಗುವುದೇನು ಹೊರಗೆ ಬರುವುದೇನು ಎಂಬುದನ್ನೂ ಇದೇ ವಿವರದಲ್ಲಿ ಬರೆಯಬೇಕು.

ಕ್ರಮದ ವಿಷಯ ಸರಳವಾದದ್ದು. ಕರ್ನಾಟಕದ ಅರ್ಜಿದಾರರು ಚೆನ್ನೈ ಪೇಟೆಂಟ್ ಕಚೇರಿಯ ವ್ಯಾಪ್ತಿಗೆ ಬರುತ್ತಾರೆ, ಎಲ್ಲವನ್ನೂ ಆನ್‌ಲೈನ್‌ನಲ್ಲೇ ಸಲ್ಲಿಸಬಹುದು. ಮೊದಲು ತಾತ್ಕಾಲಿಕ ಅರ್ಜಿ ಹಾಕಿದರೆ 12 ತಿಂಗಳೊಳಗೆ ಪೂರ್ಣ ವಿವರಣಾಪತ್ರ ಕೊಡಬೇಕು. ಅರ್ಜಿ ಹಾಕಿದ ಮಾತ್ರಕ್ಕೆ ಪರೀಕ್ಷೆ ನಡೆಯುವುದಿಲ್ಲ. ಫಾರ್ಮ್ 18ರಲ್ಲಿ ಪ್ರತ್ಯೇಕವಾಗಿ ಕೋರಬೇಕು, 2024ರ ಮಾರ್ಚ್‌ನ ನಿಯಮಗಳ ಪ್ರಕಾರ ಇದಕ್ಕೆ 31 ತಿಂಗಳ ಗಡುವು ಇದೆ. ನವೋದ್ಯಮಗಳೂ ಮಹಿಳಾ ಅರ್ಜಿದಾರರೂ ಫಾರ್ಮ್ 18ಎ ಮೂಲಕ ತ್ವರಿತ ಪರೀಕ್ಷೆ ಕೇಳಬಹುದು. ಮೊದಲ ಪರೀಕ್ಷಾ ವರದಿ ಬಂದ ಮೇಲೆ ಉತ್ತರಕ್ಕೆ 6 ತಿಂಗಳು ಸಿಗುತ್ತದೆ, ಕೋರಿಕೆಯ ಮೇಲೆ ಇನ್ನೂ 3 ತಿಂಗಳು. ಆ ವರದಿಯಲ್ಲಿ 3(ಕೆ) ಆಕ್ಷೇಪ ಕಂಡರೆ ಎದೆಗುಂದಬೇಡಿ, ಕಂಪ್ಯೂಟರ್‌ಗೆ ಸಂಬಂಧಿಸಿದ ಅರ್ಜಿಗಳಿಗೆ ಅದು ಬರುವುದು ತೀರ ಸಾಮಾನ್ಯ. ನಿರಾಕರಣೆಯಾದರೆ ಮೇಲ್ಮನವಿ ಈಗ ನೇರವಾಗಿ ಹೈಕೋರ್ಟಿಗೆ ಹೋಗುತ್ತದೆ. ಬೌದ್ಧಿಕ ಆಸ್ತಿಯ ಮೇಲ್ಮನವಿ ಮಂಡಳಿಯನ್ನು 2021ರಲ್ಲಿ ರದ್ದುಪಡಿಸಲಾಗಿದೆ.

ಅರ್ಜಿ ದಾಖಲಾಗುವವರೆಗೆ ತಂತ್ರಾಂಶವನ್ನು ಬಿಡುಗಡೆ ಮಾಡಬೇಡಿ, ಅದು ಕೆಲಸ ಮಾಡುವ ಬಗೆಯನ್ನು ವಿವರಿಸುವ ವಿಡಿಯೊವನ್ನೂ ಹಾಕಬೇಡಿ. ಅಮೆರಿಕದಲ್ಲಿ ಆವಿಷ್ಕಾರಕರು ತಾವೇ ಬಹಿರಂಗಪಡಿಸಿದ ಮೇಲೂ ಒಂದು ವರ್ಷದ ಅವಕಾಶವಿದೆ. ನಮ್ಮ ಕಾಯ್ದೆಯಲ್ಲಿರುವ 12 ತಿಂಗಳ ವಿನಾಯಿತಿ ಸರ್ಕಾರ ಅಧಿಸೂಚಿಸಿದ ಪ್ರದರ್ಶನ ಮುಂತಾದ ಕೆಲವೇ ಸಂದರ್ಭಗಳಿಗೆ ಸೀಮಿತವಾಗಿದ್ದು, ಜಾಲತಾಣದಲ್ಲಿ ಹಾಕಿದ ವಿಡಿಯೊಗೆ ಅದನ್ನು ನಂಬಿಕೊಂಡು ಕೂರುವಂತಿಲ್ಲ. ಅಮೆರಿಕದಲ್ಲೂ ಅರ್ಜಿ ಹಾಕುವ ಯೋಚನೆಯಿದ್ದರೆ, ಭಾರತದ ನಿವಾಸಿಯಾಗಿ ನೀವು ಮೊದಲು ಇಲ್ಲಿ ಅರ್ಜಿ ಹಾಕಿ 6 ವಾರ ಕಾಯಬೇಕು, ಇಲ್ಲವೇ ಸೆಕ್ಷನ್ 39ರಡಿ ಮುಂಚಿತವಾಗಿ ಅನುಮತಿ ಪಡೆಯಬೇಕು.

ಮೆಕ್‌ರೋ ಪ್ರಕರಣ 2016ಕ್ಕೇ ಮುಗಿಯಲಿಲ್ಲ. 2020ರಲ್ಲಿ ಅದು ಮತ್ತೆ ಅದೇ ಮೇಲ್ಮನವಿ ನ್ಯಾಯಾಲಯದ ಮುಂದೆ ಬಂದಾಗ, ಗೇಮ್ ಕಂಪನಿಗಳು ಪೇಟೆಂಟ್ ಅನ್ನು ಉಲ್ಲಂಘಿಸಿಲ್ಲ ಎಂಬ ತೀರ್ಮಾನವೇ ಉಳಿಯಿತು. ಅಲ್ಲಿ ನಿರ್ಣಾಯಕವಾದದ್ದು ಕ್ಲೇಮ್‌ನಲ್ಲಿದ್ದ ‘ವೆಕ್ಟರ್’ ಎಂಬ ಒಂದು ಪದಕ್ಕೆ ಎಷ್ಟು ವ್ಯಾಪ್ತಿ ಇದೆ ಎಂಬ ಪ್ರಶ್ನೆ. ನಿಮ್ಮ ಅರ್ಜಿಯಲ್ಲಿ ಆ ಜಾಗದಲ್ಲಿ ನಿಲ್ಲುವ ಪದ ‘ಗೆರೆ’. ಟ್ಯಾಬ್ಲೆಟ್ ದಾಖಲಿಸಿಕೊಂಡ ಕುಂಚದ ಚಲನೆಯನ್ನು ಮಾತ್ರ ಗೆರೆ ಎನ್ನುತ್ತೀರೋ, ಅಥವಾ ಸ್ಕ್ಯಾನ್ ಮಾಡಿದ ಚಿತ್ರದ ಪಿಕ್ಸೆಲ್‌ಗಳಿಂದ ಊಹಿಸಿಕೊಂಡ ಗೆರೆಯೂ ಅದರಲ್ಲಿ ಸೇರುತ್ತದೋ ಎಂಬುದನ್ನು ಈಗಲೇ ನಿರ್ಧರಿಸಿ, ಎರಡೂ ಸೇರುವುದಾದರೆ ಎರಡಕ್ಕೂ ಒಂದೊಂದು ಉದಾಹರಣೆಯನ್ನು ವಿವರಣಾಪತ್ರದಲ್ಲಿ ಬರೆಯಿರಿ.